ಅಪ್ಪ ‘ಬಂದ’, ಅಪ್ಪ ‘ಬಂದ್ರು’: ಕಾದಂಬರಿ ವಿಮರ್ಶೆಲಿ ವ್ಯಾಕರಣ ಎಲ್ಲಿ ಕೂರ್ಬೇಕು?

ಪ್ರಶ್ನೆ: ಸರ್, ನಾನು ಬಿ.ಎ. ಕೊನೇ ವರ್ಷ, ಶಿಡ್ಲಘಟ್ಟದ ಹತ್ರ ಒಂದು ಹಳ್ಳಿ. ಒಬ್ಬ ಹುಡುಗ ಹತ್ತು ವರ್ಷದಿಂದ ಹದಿನೆಂಟರವರೆಗೆ ಬೆಳೆಯೋ ಕಥೆ ಇರೋ ಕಾದಂಬರಿ ಕೊಟ್ಟು, ನಾಲ್ಕು ಪುಟದ ವಿಮರ್ಶೆ ಬರೀರಿ, ವ್ಯಾಕರಣ ಅಲಂಕಾರನೂ ಬರ್ಬೇಕು ಅಂದಿದ್ರು. ಬೋರ್‌ವೆಲ್ ಬತ್ತಿ ಅಪ್ಪ ಊರು ಬಿಡ್ತಾನೆ, ಹುಡುಗ ಹಾಸ್ಟೆಲ್ ಸೇರ್ತಾನೆ, ಅದೇ ಕಥೆ. ನಾನು ಮೂರು ಭಾಗ ಮಾಡ್ದೆ: ಕಥಾಸಾರ, ಆಮೇಲೆ ಸಂಧಿ ಸಮಾಸ, ಕೊನೆಗೆ ಅಲಂಕಾರಗಳ ಪಟ್ಟಿ. ಮೇಡಂ ವಾಪಸ್ ಕೊಟ್ಟು ‘ಮೂರೂ ಬೇರೆ ಬೇರೆ ನಿಂತಿವೆ, ಸೇರಿಸಿ ಬರಿ’ ಅಂದ್ರು. ಆ ಡ್ರಾಫ್ಟನ್ನೂ ಜೊತೆಗೆ ಕಳಿಸಿದ್ದೀನಿ. ಹೇಗೆ ಸೇರಿಸೋದು ಸರ್? ನಮ್ಮನೇಲಿ ತೆಲುಗು ಮಾತಾಡೋದು, ವ್ಯಾಕರಣ ಅಂದ್ರೆ ಮೊದಲಿಂದ್ಲೂ ಭಯ.

ಉತ್ತರ:

ನೋಡಮ್ಮಾ, ನಿನ್ನ ವಯಸ್ಸಿನ ಮಕ್ಕಳಿಗೇ ತುಮಕೂರಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವನು ನಾನು, ಅದಕ್ಕೆ ‘ನೀನು’ ಅಂತಾನೇ ಬರೀತೀನಿ, ಬೇಜಾರು ಮಾಡ್ಕೋಬೇಡ, ಮುಂದೆ ಈ ‘ನೀನು’ ವಿಷಯಾನೇ ಬರುತ್ತೆ. ನಿಮ್ಮ ಮೇಡಂ ಹೇಳಿದ್ದು ಸರಿ. ಆದ್ರೆ ನಿನ್ನ ಕಷ್ಟಾನೂ ನಂಗೆ ಗೊತ್ತು, ಯಾಕಂದ್ರೆ ನಾನೂ ಇದೇ ಕೆಲಸ ಮಾಡಿದವನೇ. ಎಂ.ಎ. ಓದೋವಾಗ ಮೊದಲನೇ ಸಲ ಒಂದು ವಿಮರ್ಶೆ ಬರೆದು ವಾರಪತ್ರಿಕೆಗೆ ಕಳಿಸಿದ್ದೆ, ಕೊನೇಲಿ ಪುಟದ ನಂಬರ್ ಸಮೇತ ಉಪಮೆಗಳ ಪಟ್ಟಿ, ಇದು ಪೂರ್ಣೋಪಮೆ ಇದು ಲುಪ್ತೋಪಮೆ ಅಂತ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು, ‘ಪಟ್ಟಿ ಚೆನ್ನಾಗಿದೆ, ಸಾಮಾನು ಎಲ್ಲಿ?’ ಅಂತ ಒಂದೇ ಸಾಲು. ಆವತ್ತು ಊಟ ಸೇರ್ಲಿಲ್ಲ. ಈಗ ನಗು ಬರುತ್ತೆ.

ಮೊದಲು ಒಂದು ಭ್ರಮೆ ಬಿಡಿಸ್ತೀನಿ. ವ್ಯಾಕರಣ ಬೇರೆ ಪೀರಿಯಡ್ಡು, ಅಲಂಕಾರ ಬೇರೆ ಪೀರಿಯಡ್ಡು, ಕಾದಂಬರಿ ಇನ್ನೊಂದು ಪೀರಿಯಡ್ಡು ಅಂತ ಮಾಡಿದ್ದು ನಮ್ಮ ಟೈಮ್‌ಟೇಬಲ್ಲು, ಭಾಷೆ ಅಲ್ಲ. ಒಂಬತ್ತನೇ ಶತಮಾನದ ಕವಿರಾಜಮಾರ್ಗದಲ್ಲಿ ಮೂರು ಪರಿಚ್ಛೇದ ಇದೆ, ಮೊದಲನೇದು ಮಾತಿನ ದೋಷ ಯಾವುದು ದೋಷ ಅಲ್ಲದ್ದು ಯಾವುದು ಅಂತ, ಎರಡನೇದು ಶಬ್ದಾಲಂಕಾರ, ಮೂರನೇದು ಅರ್ಥಾಲಂಕಾರ, ಎಲ್ಲ ಒಂದೇ ಪುಸ್ತಕದ ಒಳಗೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಅನ್ನೋ ವ್ಯಾಕರಣ ಬರೆಯೋವಾಗ ನಿಯಮಗಳನ್ನ ಆಕಾಶದಿಂದ ಇಳಿಸ್ಲಿಲ್ಲ, ಅಸಗ, ಶ್ರೀವಿಜಯ, ಪಂಪ, ಪೊನ್ನ ಇಂಥ ಕವಿಗಳ ಹೆಸರು ಹೇಳಿ ಅವರ ಪ್ರಯೋಗಾನೇ ನನಗೆ ಲಕ್ಷ್ಯ, ಅಂದ್ರೆ ಉದಾಹರಣೆ, ಅಂದ. ಅಷ್ಟು ಹಿಂದಕ್ಕೆ ಯಾಕೆ ಹೋಗ್ಬೇಕು, ನಮ್ಮ ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದ ತೀ.ನಂ.ಶ್ರೀ. (ತೀ.ನಂ. ಶ್ರೀಕಂಠಯ್ಯ) ಅವರನ್ನೇ ನೋಡು, ಮಕ್ಕಳಿಗೆ ‘ಕನ್ನಡ ಮಧ್ಯಮ ವ್ಯಾಕರಣ’ ಬರೆದವರೂ ಅವರೇ, 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ ಕೊಟ್ಟವರೂ ಅವರೇ. ಎರಡಕ್ಕೂ ಒಂದೇ ಕಣ್ಣು ಸಾಕಾಗಿತ್ತು.

ಇನ್ನು ‘ಬೆಳೆಯುವ ಕಾದಂಬರಿ’ ಅನ್ನೋ ಪ್ರಕಾರ. ಜರ್ಮನ್ನರು ಇದಕ್ಕೆ ಬಿಲ್ಡುಂಗ್ಸ್‌ರೋಮಾನ್ ಅಂತಾರೆ, ರೋಮಾನ್ ಅಂದ್ರೆ ಕಾದಂಬರಿ, ಬಿಲ್ಡುಂಗ್ ಅಂದ್ರೆ ವ್ಯಕ್ತಿ ರೂಪುಗೊಳ್ಳೋದು, ಅವರ ಕವಿ ಗಯಟೆ 1795-96ರಲ್ಲಿ ತಂದ ವಿಲ್‌ಹೆಲ್ಮ್ ಮೈಸ್ಟರ್‌ನ ಕಾದಂಬರಿಯನ್ನ ಇದರ ಮಾದರಿ ಅಂತ ತೋರಿಸ್ತಾರೆ. ಇಷ್ಟು ಗೊತ್ತಿದ್ರೆ ಸಾಕು, ವಿಮರ್ಶೆಲಿ ಇದನ್ನ ಅರ್ಧ ಪುಟ ಎಳೀಬೇಡ, ನಾಲ್ಕೇ ಪುಟ ಇರೋದು. ನೀನು ಉತ್ತರ ಕೊಡಬೇಕಾಗಿರೋ ಪ್ರಶ್ನೆ ಒಂದೇ: ಈ ಹುಡುಗ ನಿಜವಾಗ್ಲೂ ಬೆಳೆದ್ನಾ, ಇಲ್ಲ ಲೇಖಕರು ‘ಬೆಳೆದ’ ಅಂತ ಹೇಳಿಬಿಟ್ರಾ? ವಯಸ್ಸು ಹತ್ತರಿಂದ ಹದಿನೆಂಟಾಗೋದು ಬೆಳೆಯೋದಲ್ಲ, ಅದು ಕ್ಯಾಲೆಂಡರ್ ಕೆಲಸ. ಬೆಳೆದಿದ್ರೆ ಅವನ ಮಾತು ಬದಲಾಗಿರ್ಬೇಕು. ಮಾತು ಬದಲಾಗೋದು ಎಲ್ಲಿ? ಸರ್ವನಾಮದಲ್ಲಿ, ವಿಭಕ್ತಿಯಲ್ಲಿ, ಕ್ರಿಯಾಪದದ ಬಾಲದಲ್ಲಿ, ಅವನು ಕೊಡೋ ಹೋಲಿಕೆಗಳಲ್ಲಿ. ನೀನು ಭಯ ಪಡ್ತಿರೋ ವ್ಯಾಕರಣ ಇದೇ ನೋಡು. ಅಂದ್ರೆ ಅದು ವಿಮರ್ಶೆ ಪಕ್ಕದಲ್ಲಿ ಕೂರೋ ಇನ್ನೊಂದು ಭಾಗ ಅಲ್ಲ, ನೀನು ಹೇಳೋ ಮಾತಿಗೆ ಸಾಕ್ಷಿ.

ಕಾದಂಬರಿ ಹೆಸರು ನೀನು ಬರೆದಿಲ್ಲ, ಪರವಾಗಿಲ್ಲ. ಕೆಳಗೆ ಕೊಡೋ ವಾಕ್ಯಗಳೆಲ್ಲ ನಾನೇ ಕಟ್ಟಿದ್ದು, ನಿನ್ನ ಕಥೆ ಅಂದಾಜಿನ ಮೇಲೆ. ಇಂಥವನ್ನ ನಿನ್ನ ಪುಸ್ತಕದಲ್ಲಿ ಪೆನ್ಸಿಲ್ ಹಿಡ್ಕೊಂಡು ಹುಡುಕೋದು ನಿನ್ನ ಕೆಲಸ.

ಮೊದಲು ಅಪ್ಪನ ಹಿಂದೆ ಹೋಗು. ಅಂದ್ರೆ ‘ಅಪ್ಪ’ ಅನ್ನೋ ಪದ ಬಂದ ಕಡೆಯೆಲ್ಲ ಅದರ ಕ್ರಿಯಾಪದ ನೋಡ್ತಾ ಹೋಗು. ನಮ್ಮ ಕಡೆ ಹಳ್ಳಿ ಮನೇಲಿ ಹುಡುಗ ‘ಅಪ್ಪ ಬಂದ’ ಅಂತಾನೆ, ಅದರಲ್ಲಿ ಅಗೌರವ ಏನೂ ಇಲ್ಲ, ದೇವರಿಗೂ ನಾವು ‘ನೀನು’ ಅಂತೀವಲ್ಲ ಹಾಗೆ. ಅದೇ ಹುಡುಗ ಹಾಸ್ಟೆಲ್ ಸೇರಿ ಆರು ತಿಂಗಳಿಗೆ, ರೂಮ್‌ಮೇಟ್‌ಗಳ ಮುಂದೆ ‘ನಮ್ ತಂದೆಯವರು ಬಂದಿದ್ರು’ ಅಂತಾನೆ. ಕನ್ನಡ ಚೆನ್ನಾಗಾಯ್ತು ಅಂತ ಖುಷಿ ಪಡ್ಬೇಕಾ? ಗೌರವದ ಬಹುವಚನ ಬಂದಿದೆ ಸರಿ, ಆದ್ರೆ ಗೇಟ್ ಹತ್ರ ಮಾಸಿದ ಪಂಚೇಲಿ ನಿಂತಿರೋ ಅಪ್ಪನ ಪಕ್ಕಕ್ಕೆ ಹೋಗಿ ನಿಲ್ಲೋಕೆ ಅವನಿಗೆ ಆಗ್ತಿಲ್ಲ. ಬಹುವಚನ ಗೌರವಾನೂ ಆಗಬಹುದು, ದೂರಾನೂ ಆಗಬಹುದು. ಇನ್ನೂ ನಾಲ್ಕು ಅಧ್ಯಾಯ ಆದ್ಮೇಲೆ, ಅಪ್ಪ ಬೆಂಗಳೂರಲ್ಲಿ ಕಟ್ಟಡದ ಕೆಲಸದಲ್ಲಿ ಇದ್ದಾನೆ ಅಂತ ತಿಳಿದು ಹುಡುಗ ಹುಡುಕ್ಕೊಂಡು ಹೋದಾಗ, ಅಲ್ಲಿ ಏನಂತಾನೆ? ‘ಅಪ್ಪಾ, ಊಟ ಮಾಡ್ದಾ?’ ಅಂದ್ರೆ ಒಂದು ಕಥೆ, ‘ಊಟ ಮಾಡಿದ್ರಾ?’ ಅಂದ್ರೆ ಬೇರೆ ಕಥೆ. ಒಂದು ಪ್ರತ್ಯಯ ವಾಪಸ್ ಬಂದಿದ್ದಕ್ಕೆ ಕಣ್ಣಲ್ಲಿ ನೀರು ಬರೋ ಹಾಗೆ ಮಾಡಬಲ್ಲವರು ಒಳ್ಳೆ ಲೇಖಕರು. ನಿನ್ನ ಲೇಖಕರು ಮಾಡಿದ್ದಾರಾ? ಅಥವಾ ಮೊದಲ ಪುಟದಿಂದ ಕೊನೆವರೆಗೂ ‘ಅಪ್ಪ ಬಂದರು, ಅಪ್ಪ ಹೋದರು’ ಅಂತ ಒಂದೇ ಅಚ್ಚಲ್ಲಿ ಎರಕ ಹೊಯ್ದಿದ್ದಾರಾ? ಹಾಗೆ ಮಾಡಿದ್ರೆ ಬರಿ, ಧೈರ್ಯವಾಗಿ ಬರಿ, ಇದು ತಪ್ಪಿದೆ ಅಂತ.

ಎರಡನೇದು ‘ನನಗೆ’ ಮತ್ತು ‘ನಾನು’. ಇದು ನಂಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಆದ್ರೆ ತಡ್ಕೋ. ಕನ್ನಡದಲ್ಲಿ ಅನುಭವದ ಮಾತು ಬಂದಾಗ ನಾವು ‘ನನಗೆ’ ಹಾಕ್ತೀವಿ, ನನಗೆ ಹಸಿವಾಯ್ತು, ನನಗೆ ಭಯ ಆಯ್ತು, ನನಗೆ ನಿದ್ದೆ ಬಂತು, ನನಗೆ ಗೊತ್ತಾಯ್ತು. ಚತುರ್ಥಿ ವಿಭಕ್ತಿ. ಇಲ್ಲಿ ಹುಡುಗ ಏನೂ ಮಾಡ್ತಿಲ್ಲ, ಮಳೆ ಬಂದು ಮೈಮೇಲೆ ಬಿದ್ದ ಹಾಗೆ ಎಲ್ಲಾನೂ ಬಂದು ಅವನ ಮೇಲೆ ಬೀಳ್ತಾ ಇದೆ. ‘ನಾನು ಹೆದರಿದೆ’, ‘ನಾನು ತಿಳಿದುಕೊಂಡೆ’ ಅಂದಾಗ ವಿಭಕ್ತಿ ಪ್ರಥಮಕ್ಕೆ ಬಂತು, ಹುಡುಗ ಕರ್ತೃ ಆದ. ಬಾಲ್ಯದ ಅಧ್ಯಾಯಗಳಲ್ಲಿ ‘ನನಗೆ’ ಎಷ್ಟು, ಕೊನೆ ಅಧ್ಯಾಯಗಳಲ್ಲಿ ‘ನಾನು’ ಎಷ್ಟು, ಒಂದೊಂದು ಅಧ್ಯಾಯ ಎತ್ತಿಕೊಂಡು ಎಣಿಸಿ ನೋಡು, ಮಜಾ ಇರುತ್ತೆ. ಎಣಿಸಿದ ಲೆಕ್ಕ ಬರೆಯೋದು ಬೇಡ, ಎಣಿಸಿದ ಮೇಲೆ ಕಂಡಿದ್ದು ಬರಿ.

ಇದಕ್ಕೇ ಅಂಟಿಕೊಂಡ ಹಾಗೆ ಇನ್ನೊಂದು ಇದೆ. ಲೋಟ ಕೈಯಿಂದ ಬಿದ್ದಾಗ ಚಿಕ್ಕ ಮಕ್ಕಳು ಏನಂತಾರೆ? ‘ಒಡೆದೋಯ್ತು’ ಅಂತಾರೆ. ಒಡೆದೆ ಅಂತ ಯಾವ ಮಗೂನೂ ಅನ್ನಲ್ಲ (ದೊಡ್ಡವರೂ ಅನ್ನಲ್ಲ ಬಿಡು, ಆಫೀಸಲ್ಲಿ ಫೈಲು ಯಾವಾಗ್ಲೂ ‘ಕಳೆದೋಗುತ್ತೆ’, ಯಾರೂ ಕಳೆಯಲ್ಲ). ‘ಒಡೆದುಹೋಯ್ತು’ ಅಕರ್ಮಕ, ಮಾಡಿದವನು ಮಾಯ. ‘ಒಡೆದು ಹಾಕ್ದೆ’ ಸಕರ್ಮಕ, ಮಾಡಿದವನು ಎದುರಿಗೆ ನಿಂತಿದ್ದಾನೆ. ಹೋಗು, ಹಾಕು, ಎರಡು ಸಣ್ಣ ಸಹಾಯಕ ಕ್ರಿಯಾಪದ, ನಡುವೆ ಇರೋದು ತಪ್ಪೊಪ್ಪಿಗೆ. ಇಂಥ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಇರುತ್ತೆ, ಹುಡುಗ ಚಿಕ್ಕಂದಿನಲ್ಲಿ ಏನೋ ಮಾಡಿರ್ತಾನೆ, ದುಡ್ಡು ಕದ್ದಿರ್ತಾನೆ, ಸುಳ್ಳು ಹೇಳಿರ್ತಾನೆ, ತಮ್ಮನ್ನ ಬಾವಿ ಹತ್ರ ಬಿಟ್ಟು ಬಂದಿರ್ತಾನೆ. ಆ ಘಟನೆಯನ್ನ ಮೊದಲ ಸಲ ಹೇಗೆ ಹೇಳಿದ್ದಾನೆ, ಎರಡನೇ ಸಲ ನೆನೆಸಿಕೊಳ್ಳೋವಾಗ ಹೇಗೆ ಹೇಳಿದ್ದಾನೆ, ಕ್ರಿಯಾಪದ ಮಾತ್ರ ಪಕ್ಕಪಕ್ಕ ಇಟ್ಟು ನೋಡು. ‘ದುಡ್ಡು ಖರ್ಚಾಗಿಹೋಗಿತ್ತು’ ಅಂದವನು ನೂರು ಪುಟ ಆದ್ಮೇಲೆ ‘ನಾನೇ ತೆಗೆದೆ’ ಅಂದ್ರೆ, ವಿಮರ್ಶೆಯ ಮುಖ್ಯ ವಾಕ್ಯ ನಿನ್ನ ಕೈಗೆ ಸಿಕ್ತು.

ಕಾಲದ ವಿಷಯ ಬೇಗ ಹೇಳಿಬಿಡ್ತೀನಿ. ‘ಹೋಗುತ್ತಿದ್ದೆವು, ತಿನ್ನುತ್ತಿದ್ದೆವು, ಈಜುತ್ತಿದ್ದೆವು’ ಅನ್ನೋದು ದಿನಾ ನಡೀತಿದ್ದ ಬಾಲ್ಯ, ಅಲ್ಲಿ ತಾರೀಖಿಲ್ಲ. ‘ಆವತ್ತು ಹೋದೆ’ ಅಂತ ಒಂದು ‘ದೆ’ ಬಂದ ತಕ್ಷಣ ಏನೋ ಆಯ್ತು ಅಂತ ಅರ್ಥ. ಈ ‘-ತ್ತಿದ್ದೆ’ ನಿಂತು ಬರೀ ‘-ದೆ’ ಶುರುವಾಗೋ ಪುಟ ಯಾವುದು ಅಂತ ಗುರುತು ಹಾಕ್ಕೋ, ಬಾಲ್ಯ ಮುಗಿದ ಜಾಗ ಅನೇಕ ಸಲ ಅದೇ ಆಗಿರುತ್ತೆ, ಲೇಖಕರು ‘ಭಾಗ ಎರಡು’ ಅಂತ ಹಾಕಿರೋ ಕಡೆ ಅಲ್ಲ. ಹಾಗೇನೇ ವಾಕ್ಯ ಜೋಡಿಸೋ ರೀತಿ. ಚಿಕ್ಕ ಹುಡುಗ ಎದ್ದು, ಮುಖ ತೊಳೆದು, ಸೊಪ್ಪು ತಂದು, ರೇಷ್ಮೆ ಹುಳಕ್ಕೆ ಹಾಕಿ, ಸ್ಕೂಲಿಗೆ ಹೋಗಿ ಅಂತ ಕೃದಂತಾವ್ಯಯ ಪೋಣಿಸ್ತಾನೆ, ಒಂದಾದ್ಮೇಲೆ ಒಂದು, ಯಾಕೆ ಏನು ಅಂತ ಇಲ್ಲ. ‘ಆದ್ದರಿಂದ’ ಕಲಿಯೋದು ಸ್ಕೂಲಲ್ಲಿ. ‘ಆದರೂ’ ಕಲಿಯೋದು ಏಟು ತಿಂದ ಮೇಲೆ.

ಈಗ ‘ಅಂತೆ’. ಇದನ್ನ ಓದೋವಾಗ ಟೀ ಕುಡೀತಿದ್ರೆ ಪಕ್ಕಕ್ಕಿಡು. ಕನ್ನಡದಲ್ಲಿ ಎರಡು ‘ಅಂತೆ’ ಇದೆ. ಒಂದು, ಅಲಂಕಾರದ ಪಾಠದಲ್ಲಿ ಬರೋ ಉಪಮಾವಾಚಕ, ‘ಹಕ್ಕಿಯಂತೆ ಹಾರಿದ’. ಇನ್ನೊಂದು, ಬೀದಿ ಕಟ್ಟೆ ಮೇಲಿನದು, ‘ಅವನು ಊರು ಬಿಡ್ತಾನಂತೆ’, ಅಂದ್ರೆ ನಾನು ಕಂಡಿಲ್ಲ, ಯಾರೋ ಅಂದ್ರು. ಮೊದಲನೇದಕ್ಕೆ ಪುಸ್ತಕದಲ್ಲಿ ಬಾಕ್ಸ್ ಹಾಕಿ ಪಾಠ ಇದೆ, ಎರಡನೇದನ್ನ ಯಾರೂ ಪರೀಕ್ಷೆಗೆ ಕೇಳಲ್ಲ. ಆದ್ರೆ ಮಕ್ಕಳು ಬದುಕೋದೇ ಈ ಎರಡನೇ ಅಂತೆ ಮೇಲೆ. ಸಾಲ ಆಗಿದೆಯಂತೆ, ಬ್ಯಾಂಕಿನೋರು ಬರ್ತಾರಂತೆ, ಚಿಕ್ಕಪ್ಪ ಪಾಲು ಕೇಳಿದ್ನಂತೆ. ದೊಡ್ಡವರು ಒಳಗೆ ಕೂತು ಮಾತಾಡ್ತಾರೆ, ಹುಡುಗನಿಗೆ ಬಾಗಿಲಾಚೆ ಬಂದು ಬೀಳೋದು ಬರೀ ಅಂತೆ. ಅವನು ಬೆಳೆಯೋದು ಅಂದ್ರೆ ಒಂದೊಂದೇ ಅಂತೆ ಉದುರಿ ಆ ಜಾಗಕ್ಕೆ ‘ಕಂಡೆ’, ‘ಕೇಳಿದೆ’, ‘ಗೊತ್ತಿತ್ತು’ ಬರೋದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳ್ತೀನಿ, ಚಿಕ್ಕ ಹುಡುಗ ಎರಡೂ ಅಂತೆಗಳನ್ನ ಒಂದೇ ಕೆಲಸಕ್ಕೆ ಬಳಸ್ತಾನೆ. ಗೊತ್ತಿಲ್ಲದ್ದನ್ನ ಹಿಡಿಯೋಕೆ ಅವನ ಹತ್ರ ಇರೋದು ಎರಡೇ ದಾರಿ, ಒಂದು ಯಾರೋ ಹೇಳಿದ್ದು, ಇನ್ನೊಂದು ಗೊತ್ತಿರೋದರ ತರ ಇದೆ ಅಂತ ಅಂದುಕೊಳ್ಳೋದು. ‘ಬಡ್ಡಿ ಅಂದ್ರೆ ಬೆಳೆಯುತ್ತಂತೆ, ನಮ್ಮ ತೋಟದ ಸೊಪ್ಪಿನಂತೆ’ ಅಂತ ಒಂದು ವಾಕ್ಯ ಕಟ್ಟಿದ್ರೆ ಮೊದಲನೇದು ಕೇಳಿದ್ದು, ಎರಡನೇದು ಹೋಲಿಸಿದ್ದು. ವ್ಯಾಕರಣ ಎಲ್ಲಿ ಮುಗೀತು, ಅಲಂಕಾರ ಎಲ್ಲಿ ಶುರುವಾಯ್ತು ಹೇಳು ನೋಡೋಣ.

ಹೋಲಿಕೆಗೆ ಬಂದ್ವಲ್ಲ, ಅಲ್ಲೇ ಇರೋಣ. ಉಪಮೆ ಸಿಕ್ಕಿದ ತಕ್ಷಣ ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಅಂತ ನಾಲ್ಕು ಭಾಗ ಮಾಡೋದು ನಿಂಗೆ ಬರುತ್ತೆ, ಆ ಕೌಶಲ ಬೇಕು, ಬೇಡ ಅನ್ನಲ್ಲ. ಅದಾದ್ಮೇಲೆ ಒಂದು ಪ್ರಶ್ನೆ ಜಾಸ್ತಿ ಕೇಳು: ಈ ಉಪಮಾನ, ಅಂದ್ರೆ ಹೋಲಿಸೋಕೆ ತಂದ ವಸ್ತು, ಯಾರದು? ಕಥೆ ಹೇಳ್ತಿರೋನು ದೊಡ್ಡವನಾದ ಮೇಲೆ ಹಿಂದೆ ತಿರುಗಿ ನೋಡ್ತಿದ್ರೆ ಪುಸ್ತಕದಲ್ಲಿ ಇಬ್ಬರು ಇರ್ತಾರೆ, ಆಗ ಅನುಭವಿಸಿದ ಹುಡುಗ, ಈಗ ಬರೀತಿರೋ ಗಂಡಸು. ‘ಅಮ್ಮನ ಮುಖ ಜ್ವರಕ್ಕೆ ಕೂತ ಹುಳದ ಹಾಗೆ ಅಲ್ಲಾಡದೆ ಇತ್ತು’ ಅಂದ್ರೆ ಅದು ಹುಡುಗನದು. ನಿಂಗೆ ಇದನ್ನ ವಿವರಿಸಬೇಕಾಗಿಲ್ಲ, ಶಿಡ್ಲಘಟ್ಟದವಳು, ಆದ್ರೆ ಬೇರೆಯವರಿಗಾಗಿ ಹೇಳ್ತೀನಿ, ರೇಷ್ಮೆ ಹುಳ ಪೊರೆ ಬಿಡೋಕೆ ಮುಂಚೆ ಸೊಪ್ಪು ಮುಟ್ಟದೆ ತಲೆ ಎತ್ಕೊಂಡು ಸುಮ್ನೆ ಕೂರುತ್ತೆ, ಅದಕ್ಕೆ ಸಾಕೋರು ಜ್ವರ ಅಂತಾರೆ, ಗೂಡು ಕಟ್ಟೋ ಮುಂಚೆ ನಾಲ್ಕು ಜ್ವರ ದಾಟಬೇಕು. ಹುಳದ ಮನೇಲಿ ಬೆಳೆದ ಹತ್ತು ವರ್ಷದ ಹುಡುಗನಿಗೆ ಈ ಹೋಲಿಕೆ ತಾನಾಗೇ ಬಾಯಿಗೆ ಬರುತ್ತೆ. ಅದೇ ಹುಡುಗ ‘ಅಮ್ಮನ ಮುಖ ಪಾಳುಬಿದ್ದ ಸಾಮ್ರಾಜ್ಯದಂತಿತ್ತು’ ಅಂದ್ರೆ? ಅದು ಹುಡುಗ ಅಲ್ಲ, ಲೇಖಕರು ಕಿಟಕಿಯಿಂದ ತಲೆ ಹಾಕಿದ್ರು. ಬೇಕಂತಲೇ ಹಾಕಿದ್ರೆ, ಅಂದ್ರೆ ದೊಡ್ಡವನಾದ ನಿರೂಪಕನ ದನಿ ಅಂತ ಉಳಿದ ಕಡೆಯೂ ಗೊತ್ತಾಗ್ತಿದ್ರೆ, ಒಪ್ಪಬಹುದು. ಗೊತ್ತಿಲ್ಲದೆ ಹಾಕಿದ್ರೆ ಅದು ದೋಷ.

ಉಪಮಾನಗಳು ಊರು ಬದಲಾಯಿಸ್ತಾವಾ ಅಂತಾನೂ ನೋಡು. ಮೊದಲು ಹುಳ, ಸೊಪ್ಪು, ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ), ಕೆರೆ ಏರಿ. ಹಾಸ್ಟೆಲ್‌ಗೆ ಹೋದ್ಮೇಲೆ ಬೆಲ್ಲು, ಹಾಜರಿ ಪುಸ್ತಕ, ಮೆಸ್ಸಿನ ತಟ್ಟೆ. ಆಮೇಲೆ ಸಿನಿಮಾ, ಮೊಬೈಲು. ಕೊನೇಲಿ ಒಂದು ಕಡೆ ಎಲ್ಲೋ ಹಳೇ ಚಂದ್ರಿಕೆ ತಿರುಗಿ ಬಂದ್ರೆ ಅಲ್ಲಿ ನಿಂತ್ಕೋ. ನನ್ನ ಲೆಕ್ಕದಲ್ಲಿ ಇಂಥ ಕಾದಂಬರಿಯ ನಿಜವಾದ ನಕಾಶೆ ಉಪಮಾನಗಳ ಸಾಲೇ.

ನುಡಿಗಟ್ಟು ಮರೀಬೇಡ. ಮಕ್ಕಳು ನುಡಿಗಟ್ಟನ್ನ ಅಕ್ಷರಶಃ ತಗೊಳ್ತಾರೆ, ಅದರಲ್ಲಿ ನಗೂನೂ ಇದೆ ಸಂಕಟಾನೂ ಇದೆ. ಬೋರ್ ಫೇಲ್ ಆದ ದಿನ ಅಜ್ಜಿ ‘ಮನೆ ಮುಳುಗೋಯ್ತಲ್ಲಪ್ಪಾ’ ಅಂತ ಅಳ್ತಾಳೆ ಅಂದ್ಕೋ. ಸಾವಿರ ಅಡಿ ಕೊರೆದ್ರೂ ಧೂಳು ಬಂದಿರೋ ನೆಲ, ಹತ್ತು ವರ್ಷದ ಹುಡುಗ ಓಡಿಹೋಗಿ ಬಾಗಿಲಲ್ಲಿ ನಿಂತು ನೀರು ಎಲ್ಲಿ ಅಂತ ನೋಡ್ತಾನೆ. ಹದಿನೇಳನೇ ವಯಸ್ಸಲ್ಲಿ ಅವನೇ ಯಾರಿಗೋ ಫೋನಲ್ಲಿ ‘ಮನೆ ಮುಳುಗಿತು ಕಣೋ’ ಅಂತ ಹೇಳ್ತಾನೆ, ಆಗ ಅವನು ನೀರು ಹುಡುಕಲ್ಲ. ‘ಮೂರು ನಾಮ ಹಾಕಿದ’, ‘ಕೈ ಎತ್ತಿಬಿಟ್ಟ’, ‘ಹೊಟ್ಟೆಗೆ ಹಾಕ್ಕೊ’ ಇವೆಲ್ಲಾನೂ ಹೀಗೇ. ನಿನ್ನ ಪುಸ್ತಕದಲ್ಲಿ ಹುಡುಗ ಒಂದು ನುಡಿಗಟ್ಟು ಮೊದಲು ತಪ್ಪಾಗಿ ಅರ್ಥ ಮಾಡ್ಕೊಂಡು ಆಮೇಲೆ ಸರಿಯಾಗಿ ಬಳಸಿದ ಜೋಡಿ ಒಂದೇ ಒಂದು ಸಿಕ್ಕಿದ್ರೂ ಅರ್ಧ ಪುಟ ಅದಕ್ಕೇ ಕೊಡು.

ಸಂಧಿ ಸಮಾಸದ ಪುಟ ಪೂರ್ತಿ ತೆಗೆದುಹಾಕು. ‘ಊರೂರು’ ಲೋಪಸಂಧಿ ಅಂತ ತಿಳಿದ್ರೆ ಹುಡುಗನ ಬಗ್ಗೆ ಏನೂ ತಿಳಿಯಲ್ಲ. ಇನ್ನು ನಿನ್ನ ಪಟ್ಟೀಲಿ ‘ಉತ್ಪ್ರೇಕ್ಷೆ: ಲೇಖಕರು ಬಡತನವನ್ನು ಅತಿಯಾಗಿ ಹೇಳಿದ್ದಾರೆ’ ಅಂತ ಬರೆದಿದ್ದೀಯ. ಇದು ಎಲ್ಲರೂ ಮಾಡೋ ತಪ್ಪು. ಮಾತಲ್ಲಿ ಉತ್ಪ್ರೇಕ್ಷೆ ಅಂದ್ರೆ ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳೋದು, ಆದ್ರೆ ಅಲಂಕಾರದಲ್ಲಿ ಅದು ಅತಿಶಯೋಕ್ತಿ. ಉತ್ಪ್ರೇಕ್ಷಾಲಂಕಾರ ಅಂದ್ರೆ ಒಂದನ್ನ ಇನ್ನೊಂದೇ ಇರಬೇಕು ಅಂತ ಕಲ್ಪಿಸೋದು, ‘ಒಣಗಿದ ಕೆರೆ ಬಾಯಿ ಬಿಟ್ಟು ನೀರು ಕೇಳ್ತಿದೆಯೋ ಏನೋ ಅನ್ನಿಸ್ತು’ ಅನ್ನೋ ತರ. ತಿದ್ಕೋ, ಇಲ್ಲಾಂದ್ರೆ ವೈವಾದಲ್ಲಿ ಸಿಕ್ಕಿಹಾಕ್ಕೊಳ್ತೀಯ.

ಮನೇಲಿ ತೆಲುಗು ಅಂತ ಸಂಕೋಚ ಪಟ್ಕೊಂಡು ಬರೆದಿದ್ದೀಯಲ್ಲ, ನಂಗೆ ಅದನ್ನ ಓದಿ ಖುಷಿಯಾಯ್ತು, ಯಾಕಂದ್ರೆ ಎರಡು ಭಾಷೆ ಇರೋರಿಗೆ ವ್ಯಾಕರಣ ಕಾಣಿಸೋದು ಸುಲಭ. ನಿಮ್ಮ ತೆಲುಗಲ್ಲಿ ‘ಮನಂ’ ಬೇರೆ ‘ಮೇಮು’ ಬೇರೆ. ಎದುರಿಗಿರೋನೂ ಸೇರಿದ್ರೆ ಮನಂ, ಅವನನ್ನ ಬಿಟ್ಟು ನಾವಷ್ಟೇ ಅಂದ್ರೆ ಮೇಮು. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹಾಗಾಗಿ ಕನ್ನಡ ಕಾದಂಬರೀಲಿ ‘ನಾವು’ ಬಂದಾಗ ಯಾರು ಒಳಗೆ ಯಾರು ಹೊರಗೆ ಅಂತ ಓದುಗ ಸಂದರ್ಭದಿಂದ ಊಹಿಸಬೇಕು. ನೀನು ಮನಸ್ಸಲ್ಲೇ ಆ ‘ನಾವು’ಗಳನ್ನ ತೆಲುಗಿಗೆ ಹಾಕಿ ನೋಡು. ಮೊದಲ ಅಧ್ಯಾಯದಲ್ಲಿ ಅಪ್ಪ ‘ನಾವು ಎಲ್ಲೂ ಹೋಗಲ್ಲ’ ಅಂದಾಗ ಅದು ಮನಂ, ಹುಡುಗನೂ ಅದರೊಳಗೆ ಇದ್ದಾನೆ. ಊರು ಬಿಡೋ ಹಿಂದಿನ ರಾತ್ರಿ ‘ನಾವು ಹೊರಡ್ತೀವಿ, ನೀನು ಓದ್ಕೋ’ ಅಂದಾಗ ಅದು ಮೇಮು. ಹುಡುಗ ಹೊರಗಾದ. ಕನ್ನಡ ಮಾತ್ರ ಗೊತ್ತಿರೋ ನಂಗೆ ಇದು ಎರಡು ಸಲ ಓದಿದ್ಮೇಲೆ ಹೊಳೆಯುತ್ತೆ, ನಿಂಗೆ ಒಂದೇ ಸಲಕ್ಕೆ ಚುಚ್ಚುತ್ತೆ. ವಿಮರ್ಶೇಲಿ ಇದನ್ನ ಒಂದು ಪ್ಯಾರಾ ಬರಿ, ನಿನ್ನ ಕ್ಲಾಸಲ್ಲಿ ಇದನ್ನ ಬರೆಯೋರು ಕಡಿಮೆ.

ಆಡುಮಾತಿನ ಬಗ್ಗೆ ಒಂದೇ ಮಾತು. ‘ಐತೆ’, ‘ಬತ್ತೀನಿ’, ‘ಆಲು’ (ಹಾಲು) ಅಂತ ಬಂದ ಕಡೆ ‘ವ್ಯಾಕರಣ ದೋಷಗಳಿವೆ’ ಅಂತ ನೀನು ಬರೆದಿದ್ದೀಯ, ಅದನ್ನ ಓದಿ ತಲೆ ಚಚ್ಕೊಂಡೆ. ಅದು ದೋಷ ಅಲ್ಲಮ್ಮ, ಅದು ಆ ಊರಿನ ವ್ಯಾಕರಣ. ದೋಷ ಯಾವಾಗ ಅಂದ್ರೆ, ಅಜ್ಜಿ ಒಂದು ಪುಟದಲ್ಲಿ ‘ಐತೆ’ ಅಂದು ಮುಂದಿನ ಪುಟದಲ್ಲಿ ಕಾರಣವೇ ಇಲ್ಲದೆ ‘ಇರುತ್ತದೆ’ ಅಂದಾಗ. ಹುಡುಗ ಹಾಸ್ಟೆಲ್ಲಲ್ಲಿ ಹಕಾರ ಕಲಿತು ಮನೆಗೆ ಬಂದು ಅಜ್ಜೀನ ತಿದ್ದೋ ಜಾಗ ಇದ್ರೆ ನೋಡು, ಅಲ್ಲಿ ಅವನ ಮೇಲೆ ಸಿಟ್ಟು ಬರ್ಬೇಕು. ಬಂದ್ರೆ ಲೇಖಕರು ಗೆದ್ರು.

ಸರಿ, ಇಷ್ಟೆಲ್ಲ ಹೇಳಿದ್ಮೇಲೆ ಸೇರಿಸೋದು ಹೇಗೆ ಅಂತ ಒಂದು ಪ್ಯಾರಾ ಬರೆದೇ ತೋರಿಸ್ತೀನಿ, ಬರವಣಿಗೆ ಕನ್ನಡದಲ್ಲೇ, ನೀನು ಸಬ್ಮಿಟ್ ಮಾಡೋ ರೀತೀಲಿ:

“ಕಾದಂಬರಿಯ ಮೊದಲ ಭಾಗದಲ್ಲಿ ಹುಡುಗನಿಗೆ ಎಲ್ಲವೂ ‘ಆಗುತ್ತದೆ’: ಅವನಿಗೆ ಹಸಿವಾಗುತ್ತದೆ, ಭಯವಾಗುತ್ತದೆ, ಅಮ್ಮನ ಪೆಟ್ಟಿಗೆಯ ಹಣ ‘ಖರ್ಚಾಗಿಹೋಗುತ್ತದೆ’. ಊರಿನ ಸುದ್ದಿಯೆಲ್ಲ ‘ಅಂತೆ’ಯ ಮೂಲಕವೇ ಅವನನ್ನು ತಲುಪುತ್ತದೆ. ಅಪ್ಪನನ್ನು ಹುಡುಕಿ ಹೋಗುವ ಅಧ್ಯಾಯದಲ್ಲಿ ಮಾತ್ರ ಅವನು ‘ಆ ದುಡ್ಡು ತೆಗೆದದ್ದು ನಾನೇ’ ಎನ್ನುತ್ತಾನೆ. ಅಷ್ಟು ದಿನ ಅಡಗಿದ್ದ ಕರ್ತೃಪದ ಆ ವಾಕ್ಯದ ಕೊನೆಯಲ್ಲಿ, ‘ಏ’ ಎಂಬ ಅವಧಾರಣೆಯನ್ನೂ ಹೊತ್ತುಕೊಂಡು ಬಂದು ನಿಲ್ಲುತ್ತದೆ. ಹದಿನೆಂಟು ತುಂಬಿದ ಹುಟ್ಟುಹಬ್ಬದ ಅಧ್ಯಾಯಕ್ಕಿಂತ ಹುಡುಗ ದೊಡ್ಡವನಾದದ್ದು ಈ ವಾಕ್ಯದಲ್ಲಿ. ಆದರೆ ಇದರ ಹಿಂದೆಯೇ ಬರುವ ‘ಸಾಗರದಂತೆ ಉಕ್ಕಿದ ದುಃಖ’ ಎಂಬ ಉಪಮೆ ಸಮುದ್ರವನ್ನೇ ಕಂಡಿರದ ಹುಡುಗನ ಬಾಯಿಗೆ ಹೊಂದುವುದಿಲ್ಲ, ಲೇಖಕರು ಆತುರಪಟ್ಟಿದ್ದಾರೆ.”

ನೋಡು, ಇದರಲ್ಲಿ ಕಥೆ ಇದೆ, ವಿಭಕ್ತಿ ಇದೆ, ಅವ್ಯಯ ಇದೆ, ಉಪಮೆ ಇದೆ, ಹೊಗಳಿಕೆ ಇದೆ, ತಕರಾರೂ ಇದೆ, ‘ವ್ಯಾಕರಣಾಂಶಗಳು’ ಅಂತ ಹೆಡ್ಡಿಂಗ್ ಹಾಕೋ ಅಗತ್ಯ ಬರ್ಲಿಲ್ಲ. ಇಂಥ ಐದಾರು ಪ್ಯಾರಾ ಆದ್ರೆ ನಾಲ್ಕು ಪುಟ ತುಂಬುತ್ತೆ. ಕಥಾಸಾರ ಎಂಟು ಸಾಲಿಗಿಂತ ಜಾಸ್ತಿ ಬೇಡ, ನಿಮ್ಮ ಮೇಡಂ ಪುಸ್ತಕ ಓದಿದ್ದಾರೆ.

ಕೊನೇದಾಗಿ ನಿನ್ನ ಡ್ರಾಫ್ಟಿನ ಮುಕ್ತಾಯದ ವಾಕ್ಯ, ‘ಗೂಡಿನಿಂದ ಹೊರಬಂದ ಚಿಟ್ಟೆಯಂತೆ ಕಥಾನಾಯಕ ಹೊರಜಗತ್ತಿಗೆ ಹಾರುತ್ತಾನೆ’ ಅಂತ ಬರೆದಿದ್ದೀಯ. ಶಿಡ್ಲಘಟ್ಟದಲ್ಲಿ ಕೂತು ಹೇಗಮ್ಮ ಇದನ್ನ ಬರೆದೆ? ನಿಮ್ಮೂರಲ್ಲಿ ಗೂಡಿಂದ ಚಿಟ್ಟೆ ಹೊರಗೆ ಬರೋಕೆ ಯಾರು ಬಿಡ್ತಾರೆ? ಚಿಟ್ಟೆ ತೂತು ಮಾಡ್ಕೊಂಡು ಬಂದ್ರೆ ನೂರಾರು ಮೀಟರ್ ಎಳೆ ತುಂಡಾಗುತ್ತೆ, ನೂಲು ತೆಗೆಯೋ ರೀಲರ್ ಆ ಗೂಡು ಮುಟ್ಟಲ್ಲ, ಅದಕ್ಕೆ ಮುಂಚೇನೇ ಬಿಸಿಗೆ ಹಾಕಿ ಒಳ್ಗಿರೋ ಹುಳ ಸಾಯಿಸಿ ಆಮೇಲೆ ನೂಲು ತೆಗೀತಾರೆ. ಆ ಚಿಟ್ಟೆ ಉಪಮೆ ನೀನು ಎಲ್ಲೋ ಓದಿದ್ದು, ನೋಡಿದ್ದಲ್ಲ. ನಿನ್ನ ಕಾದಂಬರಿಯ ಹುಡುಗ ಹಾರಿ ಹೋಗಿದ್ದಾನಾ, ಅಥವಾ ಅವನಿಂದ ನೂಲು ತೆಗೆದಿದ್ದಾರಾ, ಇನ್ನೊಂದು ಸಲ ಓದಿ ನೋಡಿ ಆ ವಾಕ್ಯ ಬದಲಾಯಿಸು. ಆಮೇಲೆ ಮೇಡಂಗೆ ಕೊಡು.